ಹೋಲ್ಡಾನ್ ಅನ್ನದ ಕಂಡಕ್ಟರಮ್ಮ

ಮೆಲ್ಲಣ್ಣನಿಗೆ ಕಾರನ್ನು ಹಿಂದಕ್ಕೆ ತೆಗೆಯಲು ಕನ್ನಡಿ ಬೇಕಿರಲಿಲ್ಲ, ಹೆಂಡತಿ ಬೇಕಿತ್ತು. ನಗಬೇಡಿ, ಇದ್ದದ್ದೇ ಹಾಗೆ. ಅವನು ಬಸ್ ಡ್ರೈವರಾಗಿದ್ದಾಗ ಅದೇ ಬಸ್ಸಿಗೆ ಅವಳು ಕಂಡಕ್ಟರು. ನಿಲ್ದಾಣದ ಇಕ್ಕಟ್ಟಿನಲ್ಲಿ ಬಸ್ಸನ್ನು ರಿವರ್ಸ್ ತೆಗೆಯಬೇಕಾದರೆ ಅವಳು ಇಳಿದು ಹಿಂದೆ ಹೋಗಿ ನಿಲ್ಲುವಳು, ಬಸ್ಸಿನ ಮೈಗೆ ಅಂಗೈಯಿಂದ ಬಡಿಯುತ್ತ "ಬರ್ಲಿ, ಬರ್ಲಿ" ಅನ್ನುವಳು. "ಹೋಲ್ಡಾನ್" ಅಂದಳೋ, ಅವನ ಕಾಲು ಬ್ರೇಕಿನ ಮೇಲೆ. ನಡುವೆ ಅವನು ತಲೆ ಓಡಿಸುತ್ತಿರಲಿಲ್ಲ, ಕತ್ತು ತಿರುಗಿಸುತ್ತಲೂ ಇರಲಿಲ್ಲ. ಇವರಿಬ್ಬರ ಮದುವೆ ಮಾಡಿಸಿದ್ದು ರಿವರ್ಸ್ ಗೇರು ಅಂತ ಡಿಪೋದವರು ಕಿಚಾಯಿಸುತ್ತಿದ್ದರು. ನಿಧಾನಕ್ಕೆ ಓಡಿಸುತ್ತಾನೆಂದು ಅವನಿಗೆ ಮೆಲ್ಲಣ್ಣ ಅಂತ ಹೆಸರಿಟ್ಟವರೂ ಅವರೇ. ಅವಳಂತೂ ನಿವೃತ್ತಿಯಾದ ಮೇಲೂ ಬೀದಿಗೆಲ್ಲ ಕಂಡಕ್ಟರಮ್ಮನೇ.

ಈಗ ಅವರಿಗೆ ಒಂದು ಪುಟ್ಟ ಕಾರಿತ್ತು. ಹಿಂದೆ ಏನಾದರೂ ಅಡ್ಡ ಬಂದರೆ ಪೀಂ ಪೀಂ ಎಂದು ಅರಚುವ ಯಂತ್ರವೊಂದು ಅದರೊಳಗೇ ಬಂದಿತ್ತು. ಮೆಲ್ಲಣ್ಣ ಅದರ ವೈರನ್ನು ತೆಗೆಸಿ ಹಾಕಿದ್ದ. "ಹೇಳೋಕೆ ಮನೇಲೇ ಒಬ್ಬಳಿದಾಳೆ, ಇನ್ನೊಂದು ಬಾಯಿ ಯಾಕೆ?" ಎಂದು ಅವನ ವಾದ. ಮಗಳು ಹಣೆ ಚಚ್ಚಿಕೊಂಡಿದ್ದಳು. ಕಂಡಕ್ಟರಮ್ಮನಿಗೆ ಮಾತ್ರ ಒಳಗೊಳಗೇ ಖುಷಿಯಾಗಿತ್ತು.

ಆ ದಿನ ತರಕಾರಿ ಅಂಗಡಿಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಅವಳು ಎಂದಿನಂತೆ ಇಳಿದು ಹಿಂದೆ ಹೋಗಿ ನಿಂತಳು. ಕಾರಿನ ಡಿಕ್ಕಿಯ ಮೇಲೆ ಅವಳ ಅಂಗೈ ಬಿತ್ತು. "ಬರ್ಲಿ, ಬರ್ಲಿ. ಇನ್ನೂ ಬರ್ಲಿ." ಮೆಲ್ಲಣ್ಣ ಬಂದ. ಇನ್ನೂ ಬಂದ. ಕರ್ರ್ ಎಂದು ಏನೋ ಕೆರೆಯಿತು, ಅದರ ಬೆನ್ನಿಗೇ ಗಾಜು ಚಟ್ಟೆಂದಿತು. ಹೋಲ್ಡಾನ್ ಬರಲೇ ಇಲ್ಲ.

ಇಳಿದು ನೋಡಿದರೆ, ಹಿಂದೆ ಒಂದು ಪಕ್ಕಕ್ಕೆ ನಿಂತಿದ್ದ ಬೂದು ಬಣ್ಣದ ಕಾರಿನ ಮುಂದಿನ ಬಂಪರ್ ಮೂಲೆಯಲ್ಲಿ ಉದ್ದಕ್ಕೆ ಗೀರು, ಹೆಡ್‌ಲೈಟಿನ ಗಾಜಿನಲ್ಲಿ ಬಿರುಕು. ತಮ್ಮ ಕಾರಿನ ಹಿಂಬದಿ ಒಂದು ಬೊಗಸೆಯಷ್ಟು ಒಳಕ್ಕೆ ಹೋಗಿತ್ತು. ಕಂಡಕ್ಟರಮ್ಮ ಆ ಬೂದು ಕಾರಿನ ಪಕ್ಕದಲ್ಲೇ ನಿಂತಿದ್ದಳು. ಕೈ ಚಾಚಿದ್ದರೆ ಮುಟ್ಟಬಹುದಿತ್ತು.

"ಏನೇ ಇದು?" ಎಂದ ಮೆಲ್ಲಣ್ಣ. ಬೈಗುಳವಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದು.

"ಬಿಸಿಲು ಕಣ್ಣಿಗೆ ಹೊಡೀತು ಕಣ್ರೀ," ಎಂದಳು. ಆಮೇಲೆ ಅತ್ತಿತ್ತ ಕಿವಿಗೊಟ್ಟು, "ಯಾರೂ ಇಲ್ಲ. ಗೀರು ತಾನೆ, ನಡೀರಿ ಹೋಗೋಣ," ಎಂದಳು.

ಮೆಲ್ಲಣ್ಣ ತನ್ನ ಕಿವಿಯನ್ನೇ ನಂಬಲಿಲ್ಲ. ಹೇಳುತ್ತಿರುವವಳು ಯಾರು? ಟಿಕೆಟ್ ತೆಗೆದುಕೊಳ್ಳದ ದೊಡ್ಡ ಮನುಷ್ಯರನ್ನು ನಡುದಾರಿಯಲ್ಲಿ ಇಳಿಸಿ ಬಂದವಳು. ಡಿಪೋದಲ್ಲಿ ಕಾನೂನೊಂದಿತ್ತು: ಗಾಡಿಗೆ ಉಗುರಿನಷ್ಟು ಗೀರಾದರೂ ಮೊದಲು ವರದಿ, ಆಮೇಲೆ ಊಟ. ಆ ಕಾನೂನನ್ನು ಡ್ರೈವರುಗಳಿಗೆ ನೆನಪಿಸುತ್ತಿದ್ದವಳೂ ಇವಳೇ. ಇವಳ ಬಾಯಲ್ಲಿ ಹೋಗೋಣ ನಡೀರಿ ಅನ್ನುವ ಮಾತೇ?

"ಬಿಟ್ಟು ಓಡಿ ಹೋದ್ರೆ ನಾಳೆ ಮುಖ ಹೇಗೆ ತೋರಿಸ್ತೀಯ?" ಎಂದು ಅವನು ಅಲ್ಲೇ ನಿಂತ. ಕಾರಿನವನು ಬರಲಿ ಎಂದು ಕಾದ. ತರಕಾರಿ ಅಂಗಡಿಯಲ್ಲಿ ಕೇಳಿದ, ಪಕ್ಕದ ಔಷಧಿ ಅಂಗಡಿಯಲ್ಲಿ ಕೇಳಿದ. ಬೂದು ಕಾರು ಯಾರದೋ ಯಾರಿಗೂ ತಿಳಿಯದು. ಕೊನೆಗೆ ಚೀಟಿಯಲ್ಲಿ ತನ್ನ ಫೋನ್ ನಂಬರ್ ಬರೆದು ವೈಪರಿಗೆ ಸಿಕ್ಕಿಸಿದ. ಅಷ್ಟಕ್ಕೆ ಅವನಿಗೆ ಸಮಾಧಾನವಾಗಲಿಲ್ಲ. ಚೀಟಿ ಗಾಳಿಗೆ ಹಾರಿಹೋದರೆ ತಾನು ಕಳ್ಳನಾದಂತೆಯೇ ಅಲ್ಲವೇ? ಪೊಲೀಸ್ ಸ್ಟೇಷನ್ನಿಗೇ ಹೋಗಿ ಹೇಳಿಬಿಡೋಣ ಎಂದು ಹೊರಟ.

ಸ್ಟೇಷನ್ನಿನ ಮುಂದಿನ ಕೋಣೆಯಲ್ಲಿ ಉದ್ದನೆಯ ಬೆಂಚು, ಕಾಲು ಕುಂಟುವ ಮೇಜು, ಮೇಜಿನ ಹಿಂದೆ ಒಬ್ಬಳು ಪೊಲೀಸಮ್ಮ. ಮೇಜಿನ ಕಾಲಿನಡಿ ಮಡಚಿದ ರಟ್ಟು ಇಟ್ಟಿದ್ದರೂ ಅವಳು ಬರೆದಾಗಲೆಲ್ಲ ಅದು ಅಲ್ಲಾಡುತ್ತಿತ್ತು. ಮೆಲ್ಲಣ್ಣ ಹೇಳಿದ್ದನ್ನು ಕೇಳಿ ಅವಳು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡಳು.

"ನಿಮಗೆ ಯಾರಾದ್ರೂ ಗುದ್ದಿದ್ರಾ?"

"ಇಲ್ಲಮ್ಮ, ನಾನೇ ಗುದ್ದಿದೆ."

"ನೀವೇ ಗುದ್ದಿ, ನೀವೇ ಬಂದಿದೀರಾ?" ಪೊಲೀಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಸರ್ವೀಸಲ್ಲಿ ಇಂಥವರು ನೀವೇ ಮೊದಲು. ಕೂತ್ಕೊಳ್ಳಿ."

ಕಾರಿನ ನಂಬರ್, ಜಾಗ, ಎಲ್ಲ ಬರೆದುಕೊಂಡಳು. ಆಮೇಲೆ, "ಹಿಂದೆ ಯಾರಾದ್ರೂ ನಿಂತು ದಾರಿ ತೋರಿಸ್ತಿದ್ರಾ?" ಎಂದಳು.

ಮೆಲ್ಲಣ್ಣ ಹೆಂಡತಿಯ ಕಡೆ ನೋಡಲಿಲ್ಲ. ಹೌದು ಅಂದರೆ ಕಂಡಕ್ಟರಮ್ಮನ ಮಾನ ಹೋಗುತ್ತದೆ, ಇಷ್ಟು ವರ್ಷ ಗಾಡಿಗೆ ಒಂದು ಗೀರು ಬೀಳದಂತೆ ಕಾಪಾಡಿದವಳದು. "ಇಲ್ಲ," ಎಂದುಬಿಟ್ಟ. "ನಾನೊಬ್ಬನೇ. ಗಮನ ತಪ್ಪಿತು."

ಹೇಳಿ ಮುಗಿಸಿ ಅವನು ಕಾದ. ಈಗ ಅವಳು ಸಿಡಿಯುತ್ತಾಳೆ, 'ಸುಳ್ಳು ಯಾಕೆ ಹೇಳ್ತೀರಿ ಡ್ರೈವರೇ, ನಾನೇ ಬರ್ಲಿ ಅಂದಿದ್ದು' ಎಂದು ನಾಲ್ಕು ಜನರ ಮುಂದೆ ಗದರುತ್ತಾಳೆ ಎಂದುಕೊಂಡಿದ್ದ. ಅವಳ ಸ್ವಭಾವವೇ ಅದು. ಆದರೆ ಅವಳು ಬಾಯಿಗೆ ಬೀಗ ಹಾಕಿಕೊಂಡು ಬ್ಯಾಗಿನ ಪಟ್ಟಿಯನ್ನು ಸುರುಳಿ ಸುತ್ತುತ್ತ ಕೂತಿದ್ದಳು. ಮೆಲ್ಲಣ್ಣನಿಗೆ ಅದು ಸರಿ ಕಾಣಲಿಲ್ಲ. ತಾನು ಹೇಳಿದ ಸುಳ್ಳಿಗಿಂತ ಅವಳ ಸುಮ್ಮನಿರುವಿಕೆಯೇ ಅವನನ್ನು ಕೊರೆಯತೊಡಗಿತು.

ಸಂಜೆ ಬೂದು ಕಾರಿನವನು ಫೋನ್ ಮಾಡಿದ. ಅವನು ಒಬ್ಬ ದರ್ಜಿಯಂತೆ. "ಗುದ್ದಿ ನಂಬರ್ ಇಟ್ಟು ಹೋದವರು ಅಂತ ನಮ್ಮ ಅಂಗಡೀಲಿ ನಿಮ್ಮದೇ ಮಾತು ಸರ್," ಎಂದು ನಕ್ಕ. ಮೆಲ್ಲಣ್ಣ ನಗಲು ಹೋಗಿ, ರಿಪೇರಿಯ ಮಾತೆತ್ತಿದ.

ಇನ್ಶೂರೆನ್ಸ್ ಕಂಪನಿಯಿಂದ ಸರ್ವೇಯರ್ ಬಂದ. ಕಾರಿನ ಸುತ್ತ ಕುಕ್ಕರುಗಾಲಲ್ಲಿ ಹೋಗಿ ಫೋಟೋ ತೆಗೆದ, ನಗ್ಗಿದ ಜಾಗವನ್ನು ಬೆರಳಿನಿಂದ ಸವರಿದ, ಊಟದ ಮೇಜಿನ ಮೇಲೆ ಹಾಳೆ ಹರವಿ ಪಾರ್ಕಿಂಗ್ ಜಾಗದ ಚಿತ್ರ ಬಿಡಿಸಿದ. "ನೀವು ಇಲ್ಲಿ, ಅವರ ಕಾರು ಇಲ್ಲಿ. ಗೋಡೆ ಕಡೆ ಇಷ್ಟೊಂದು ಜಾಗ ಖಾಲಿ ಇತ್ತಲ್ಲ ಸರ್. ಹಾಡುಹಗಲು ಬೇರೆ. ಹಿಂದೆ ಪೀಂ ಅನ್ನೋದೂ ಇಲ್ವಾ?"

"ಅದು ಕೆಟ್ಟಿದೆ," ಎಂದ ಮೆಲ್ಲಣ್ಣ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

ಸರ್ವೇಯರ್ ತಲೆ ಕೆರೆದುಕೊಂಡ. "ತಪ್ಪು ತಿಳೀಬೇಡಿ ಸರ್. ಇಷ್ಟು ವಯಸ್ಸಾದ ಮೇಲೆ ಕಂಪನಿಯವರು ಕಣ್ಣಿನ ಸರ್ಟಿಫಿಕೇಟು ಕೇಳ್ತಾರೆ. ಒಂದ್ಸಲ ತೋರಿಸ್ಕೊಂಡು ಬಂದ್ಬಿಡಿ."

ಅಡುಗೆಮನೆಯಲ್ಲಿ ಏನೋ ಪಾತ್ರೆ ಜಾರಿ ಬಿತ್ತು. ಮೆಲ್ಲಣ್ಣನಿಗೆ ಪಿತ್ತ ನೆತ್ತಿಗೇರಿತ್ತು, ಅತ್ತ ಗಮನ ಹೋಗಲಿಲ್ಲ. ಇಷ್ಟು ವರ್ಷ ಬಸ್ಸು ಓಡಿಸಿದವನ ಕಣ್ಣಿಗೇ ಸರ್ಟಿಫಿಕೇಟು ಬೇಕಂತೆ! ಮಾರನೆಯ ದಿನವೇ ಹಟದಿಂದ ಕಣ್ಣಿನ ಡಾಕ್ಟರ ಹತ್ತಿರ ಹೋದ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದ. ಪಾಸಾದ ಹುಡುಗನ ಹಾಗೆ ಕಾಗದ ಹಿಡಿದುಕೊಂಡು ಮನೆಗೆ ಬಂದ.

"ನೋಡೇ, ಫಸ್ಟ್ ಕ್ಲಾಸ್ ಕಣ್ಣು. ಡಾಕ್ಟರು ಒಳ್ಳೆಯವರು, ನೀನೂ ಒಮ್ಮೆ ತೋರಿಸ್ಕೋ."

"ನನ್ನ ಕಣ್ಣಿಗೇನಾಗಿದೆ?" ಕಂಡಕ್ಟರಮ್ಮನ ದನಿ ಚಾಕುವಿನಂತಿತ್ತು. "ನಿಮ್ಮ ಸರ್ಟಿಫಿಕೇಟು ನೀವೇ ಇಟ್ಕೊಳ್ಳಿ. ನನ್ನ ತಂಟೆಗೆ ಬರಬೇಡಿ."

ಹೇಳಿ ಒಳಕ್ಕೆ ಹೋಗುವಾಗ ಅವಳ ಎಡ ಭುಜ ಬಾಗಿಲಿನ ಚೌಕಟ್ಟಿಗೆ ತಾಗಿತು. ತಾನೇ ಕಟ್ಟಿಸಿದ ಮನೆ, ಕತ್ತಲಲ್ಲೂ ನಡೆದಾಡಿದ ಬಾಗಿಲು. ಮೆಲ್ಲಣ್ಣ ಅದನ್ನು ಕಂಡ. ಕಾಗದವನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟ.

ಕೂತ ಮೇಲೆ ಒಂದೊಂದೇ ನೆನಪಾದವು. ಸೂಜಿಗೆ ದಾರ ಪೋಣಿಸಲು ಅವಳು ಪಕ್ಕದ ಮನೆಗೆ ಹೋಗುತ್ತಿದ್ದದ್ದು. ಲೋಟಕ್ಕೆ ನೀರು ಹಾಕುವಾಗ ಒಳಗೆ ಬೆರಳಿಡುತ್ತಿದ್ದದ್ದು. ಟೀವಿ ನೋಡುವುದು ಬಿಟ್ಟು, "ಅದರಲ್ಲಿ ಏನಿದೆ ಮಣ್ಣು" ಎಂದು ಮೂಗು ಮುರಿದದ್ದು. ಎಲ್ಲವೂ ಕಣ್ಣೆದುರೇ ನಡೆದಿತ್ತು. ಇವಳು ಕಣ್ಣಿಗೆ ಮಣ್ಣೆರಚಿದಳು ಅನ್ನೋಣವೆಂದರೆ ಎರಚುವ ಕಷ್ಟವನ್ನೂ ಅವನು ಅವಳಿಗೆ ಕೊಟ್ಟಿರಲಿಲ್ಲ. ನೋಡಿದ್ದರಲ್ಲವೇ ಎರಚಬೇಕಾದದ್ದು? ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಮೇಲೆ ಮೊಮ್ಮಗಳು ನೆನಪಾದಳು.

ಮಗಳು ಪಕ್ಕದ ಬೀದಿಯಲ್ಲೇ ಇದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಬೆಳಕು ಹರಿಯುವ ಮೊದಲೇ ಹೊರಡಬೇಕು. ಮಗುವಿಗೆ ತಿಂಡಿ ತಿನ್ನಿಸಿ, ದೊಡ್ಡ ರಸ್ತೆ ದಾಟಿಸಿ ಶಾಲೆಗೆ ಬಿಡುವುದು ಅಜ್ಜಿಯ ಕೆಲಸ. ಅಮ್ಮ ಇದ್ದಾಳಲ್ಲ ಎಂದು ಮಗಳು ನಿಶ್ಚಿಂತೆಯಾಗಿದ್ದಳು. ಆ ರಸ್ತೆಯಲ್ಲಿ ಲಾರಿಗಳೂ ಓಡಾಡುತ್ತಿದ್ದವು.

ಮರುದಿನ ಬೆಳಿಗ್ಗೆ ಅಜ್ಜಿ ಮೊಮ್ಮಗಳು ಹೊರಟಾಗ ಮೆಲ್ಲಣ್ಣ ಸದ್ದಿಲ್ಲದೆ ಹಿಂದೆ ಹೊರಟ. ಹೆಂಡತಿಯನ್ನು ಕಳ್ಳನಂತೆ ಹಿಂಬಾಲಿಸಬೇಕಾಯಿತಲ್ಲ ಎಂದು ನಾಚಿಕೆಯಾದರೂ ಬಿಡಲಿಲ್ಲ. ಕಂಡಕ್ಟರಮ್ಮ ಮಗುವನ್ನು ಎಡಗೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದಳು. ದೂರದಿಂದ ನೋಡಿದವರಿಗೆ ಅಜ್ಜಿ ಮಗುವನ್ನು ಕರೆದುಕೊಂಡು ಹೋಗುತ್ತಿದ್ದಾಳೆ, ಅಷ್ಟೇ. ದೊಡ್ಡ ರಸ್ತೆಯ ಅಂಚಿಗೆ ಬಂದಾಗ ಅವಳು ನಿಂತಳು. ಮಗು ಬಗ್ಗಿ ಆ ಕಡೆ ನೋಡಿತು, ಈ ಕಡೆ ನೋಡಿತು.

"ಹೋಲ್ಡಾನ್ ಅಜ್ಜಿ," ಎಂದಿತು ಮಗು. ಒಂದು ಲಾರಿ ಹೋಯಿತು. "ಹೋಲ್ಡಾನ್, ಹೋಲ್ಡಾನ್. ಈಗ ಬರ್ಲಿ."

ಕಂಡಕ್ಟರಮ್ಮ ಹೆಜ್ಜೆ ಇಟ್ಟಳು.

ಒಂದನೇ ಕ್ಲಾಸಿನ ಮಗು ರಸ್ತೆ ದಾಟಿಸುತ್ತಿತ್ತು, ದಾಟುತ್ತಿದ್ದವಳು ಇವಳು. ಇಬ್ಬರೂ ನಡುರಸ್ತೆಯಲ್ಲಿದ್ದಾಗ ಆಚೆ ಬದಿಯಲ್ಲಿ ಮಗುವಿನ ಗೆಳತಿಯೊಬ್ಬಳು ಕಾಣಿಸಿಕೊಂಡು ಕೈ ಬೀಸಿದಳು. ಮಗುವಿನ ಮುಖ ಅರಳಿತು. ಎತ್ತಲೂ ನೋಡದೆ "ಬರ್ಲಿ, ಬರ್ಲಿ" ಎನ್ನುತ್ತ ಅಜ್ಜಿಯನ್ನು ಎಳೆಯಿತು. ಎಡಗಡೆಯಿಂದ ಒಂದು ಸ್ಕೂಟರು ಬರುತ್ತಿತ್ತು. ಕಂಡಕ್ಟರಮ್ಮ ತಲೆ ಎತ್ತಿಕೊಂಡು ನೇರ ನಡೆದಳು, ಅತ್ತ ತಿರುಗಲೂ ಇಲ್ಲ. ಸ್ಕೂಟರಿನವನು ಬ್ರೇಕು ಒತ್ತಿ, ಓಲಾಡಿ, ಅವರ ಬೆನ್ನ ಹಿಂದಿನಿಂದ ನುಸುಳಿ, ಬಾಯಿಗೆ ಬಂದಂತೆ ಬೈದುಕೊಂಡು ಹೋದ. ಅಜ್ಜಿ ಮೊಮ್ಮಗಳು ಆಚೆ ದಡ ಸೇರಿದರು. ಮಗು ನಗುತ್ತ ಗೆಳತಿಯ ಹತ್ತಿರ ಓಡಿತು.

ಮೆಲ್ಲಣ್ಣ ಬೀದಿದೀಪದ ಕಂಬ ಹಿಡಿದುಕೊಂಡು ನಿಂತ. ಯಾರೋ ನೀರು ಬೇಕಾ ಎಂದು ಕೇಳಿದರು. ಬೇಡ ಎಂದು ಕೈಯಾಡಿಸಿದ. ಹೆಂಡತಿ ವಾಪಸು ಬರುವಾಗ ತಾನೇ ಮುಂದೆ ಹೋಗಿ ಅವಳ ಕೈ ಹಿಡಿದ. ಅವಳು ಬೆಚ್ಚಿದಳು. ಯಾರು ಎಂದು ಕೇಳಲಿಲ್ಲ, ಕೈ ಮುಟ್ಟಿದ ಮೇಲೆ ಗುರುತು ಸಿಕ್ಕಿತ್ತು. ಹಾಗೇ ಮನೆಗೆ ಕರೆತಂದ.

"ಎಷ್ಟು ದಿನದಿಂದ?" ಎಂದ, ಬಾಗಿಲು ಹಾಕಿಕೊಂಡ ಮೇಲೆ.

ಅವಳು ಒಗೆದ ಬಟ್ಟೆ ಮಡಚಲು ಕೂತಳು. ಮಗುವಿನ ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಮಗು ಹೇಳ್ತಾ?"

"ಮಗು ಏನೂ ಹೇಳ್ಲಿಲ್ಲ. ನಾನೇ ನೋಡಿದೆ."

"ಮಗೂಗೆ ಇದು ಆಟ ಅಂತ ಹೇಳಿದೀನಿ," ಎಂದಳು. "ಕಂಡಕ್ಟರ್ ಆಟ. ಅಮ್ಮಂಗೆ ಹೇಳಬಾರದು ಅಂತಾನೂ ಹೇಳಿದೀನಿ." ಅಂಗಿಯ ತೋಳು ಸರಿಮಾಡುತ್ತ, "ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿಗೂ ಹೊಗೆ ತುಂಬ್ಕೊಂಡ ಹಾಗಿರುತ್ತೆ," ಎಂದಳು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗುತ್ತೆ ಅಂತ ಗೊತ್ತಿಲ್ವಾ ನಿಮಗೆ? ಅಮ್ಮ ನೀನು ಕೂತ್ಕೋ ಅಂತಾರೆ. ಅಮ್ಮ ನೀನು ಒಲೆ ಹತ್ರ ಹೋಗ್ಬೇಡ ಅಂತಾರೆ. ಒಂದ್ಸಲ ಕೂರಿಸಿದ್ರೆ ಆಯ್ತು, ಆಮೇಲೆ ಯಾರೂ ಏಳಿಸಲ್ಲ. ಇಡೀ ಊರನ್ನ ಹತ್ತಿಸಿ ಇಳಿಸಿದವಳು ರೀ ನಾನು. ಈಗ ಬೆಳಿಗ್ಗೆ ಆ ಪುಟ್ಟ ಕೈ ಹಿಡ್ಕೊಂಡು ಹೋಗ್ತೀನಲ್ಲ, ಅದೊಂದಕ್ಕೇ ನಾನು ಹಾಸಿಗೆ ಬಿಟ್ಟು ಏಳೋದು."

ಅವಳ ಪಕ್ಕದಲ್ಲಿ ಕೂತು ಮೆಲ್ಲಣ್ಣನೂ ಒಂದು ಟವೆಲು ತೆಗೆದುಕೊಂಡು ಮಡಚಿದ. ಅಯ್ಯೋ ಪಾಪ ಅನ್ನಿಸುತ್ತಿತ್ತು, ಕೋಪವೂ ಬರುತ್ತಿತ್ತು. ಯಾವುದನ್ನು ಮೊದಲು ಹೇಳಬೇಕೋ ತಿಳಿಯಲಿಲ್ಲ.

"ಪೊಲೀಸ್ರ ಮುಂದೆ ನನಗೋಸ್ಕರ ಒಂದು ಸುಳ್ಳು ಹೇಳಿದ್ರಿ," ಎಂದಳು ಅವಳೇ, ಮೆತ್ತಗೆ. "ಆ ಇನ್ಶೂರೆನ್ಸ್ ಹುಡುಗನ ಮುಂದೇನೂ ಹೇಳಿದ್ರಿ. ಇದನ್ನೂ ಹಾಗೇ ನುಂಗ್ಕೊಂಡುಬಿಡಿ. ನಾನು ಹುಷಾರಾಗಿರ್ತೀನಿ."

"ಅದು ಬಂಪರ್ ಕಣೇ," ಎಂದ ಮೆಲ್ಲಣ್ಣ. "ಇದು ಮಗು."

ಅವಳ ಕೈ ನಿಂತಿತು. ಸ್ಕೂಟರಿನ ವಿಷಯ ಅವನು ಹೇಳಿದ. ಎಷ್ಟು ಹತ್ತಿರ ಬಂದಿತ್ತು, ಮಗು ಯಾವ ಕಡೆಗಿತ್ತು, ಎಲ್ಲವನ್ನೂ ಬಿಡದೆ ಹೇಳಿದ. ಕಂಡಕ್ಟರಮ್ಮ ಬ್ರೇಕಿನ ಸದ್ದು ಕೇಳಿದ್ದಳಂತೆ. ಬೇರೆ ಯಾರಿಗೋ ಅಂದುಕೊಂಡಿದ್ದಳಂತೆ. ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. ಮೆಲ್ಲಣ್ಣ ಅವಳ ಬೆನ್ನ ಮೇಲೆ ಕೈಯಿಟ್ಟ, ಸಮಾಧಾನದ ಮಾತೇನೂ ಆಡಲಿಲ್ಲ. ಆಡಿದರೆ ಮತ್ತೆ ಸುಳ್ಳಾಗುತ್ತಿತ್ತು.

ಮಧ್ಯಾಹ್ನ ಅವಳು ತಲೆ ಬಾಚಿಕೊಂಡು, ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು ಬಂದು ನಿಂತಳು. "ನಡೀರಿ."

"ಮಗಳ ಹತ್ರಾನಾ? ಕಣ್ಣಿನ ಡಾಕ್ಟ್ರ ಹತ್ರಾನಾ?"

"ಅವೆರಡೂ ಆಮೇಲೆ. ಮೊದಲು ಸ್ಟೇಷನ್ನಿಗೆ. ಮಗಳ ಮುಂದೆ ನಿಂತರೆ ನನಗೆ ನಾಲಿಗೆ ಏಳಲ್ಲ, ನನ್ನ ಬುದ್ಧಿ ನನಗೆ ಗೊತ್ತು. ಗುರುತು ಪರಿಚಯ ಇಲ್ಲದವರ ಹತ್ರ ಒಂದ್ಸಲ ಬಾಯಿ ಬಿಟ್ಟು ನೋಡ್ತೀನಿ. ಹೇಗೂ ನಿಮ್ಮ ಸುಳ್ಳನ್ನ ಸರಿ ಮಾಡಿಸ್ಬೇಕಲ್ಲ."

ನಡೆದೇ ಹೋದರು. ಪೊಲೀಸಮ್ಮ ಅವರನ್ನು ನೋಡಿದ ಕೂಡಲೇ, "ಏನ್ ಸರ್, ಮತ್ತೆ ಗುದ್ದಿದ್ರಾ?" ಎಂದಳು.

"ಮೊದಲನೇದೇ ಸರಿಯಾಗಿ ಹೇಳಿರಲಿಲ್ಲಮ್ಮ," ಎಂದ ಮೆಲ್ಲಣ್ಣ. "ಅದನ್ನ ತಿದ್ದಿಸೋಕೆ ಬಂದ್ವಿ."

"ಆ ಕಾರಿನವರು ದೂರೇ ಕೊಟ್ಟಿಲ್ಲ. ಇನ್ಶೂರೆನ್ಸಿನವರು ರಿಪೇರಿ ಮಾಡಿಸ್ತಾರೆ. ಹಿಂದೆ ಯಾರಿದ್ರೆ ಏನು, ಬಿಟ್ರೆ ಏನು? ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಿ?"

"ಬರ್ಕೊಳ್ಳಿ ತಾಯಿ," ಎಂದಳು ಕಂಡಕ್ಟರಮ್ಮ. ಅವಳು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. "ಹಿಂದೆ ನಾನಿದ್ದೆ. ಬರ್ಲಿ ಅಂದವಳು ನಾನು. ಆ ಕಾರು ನನಗೆ ಕಾಣಿಸ್ಲಿಲ್ಲ. ಬಿಸಿಲೂ ಇಲ್ಲ, ಗಿಸಿಲೂ ಇಲ್ಲ. ನನಗೆ ಒಂದು ಕಣ್ಣು ಇಲ್ಲ, ಇನ್ನೊಂದು ಸಾಲದು. ಹೋದ ವರ್ಷದಿಂದ ಹೀಗೇ."

ಹೋದ ವರ್ಷದಿಂದ. ಮೆಲ್ಲಣ್ಣ ನೆಲ ನೋಡಿದ. ಅಷ್ಟು ದಿನವೂ ಅವನು ಅವಳ ದನಿ ಕೇಳಿಕೊಂಡು ಹಿಂದಕ್ಕೆ ಬರುತ್ತಿದ್ದ. "ಡ್ರೈವರು ತಿರುಗಿ ನೋಡ್ಲಿಲ್ಲ ಅಂತಾನೂ ಬರೀರಿ," ಎಂದ. "ಪೀಂ ಅನ್ನೋ ವೈರು ತೆಗೆಸಿದ್ದೂ ನಾನೇ. ಕಂಪನಿಯವರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ."

ಪೊಲೀಸಮ್ಮ ತಮಾಷೆ ಬಿಟ್ಟಳು. ಕಿವಿಯಿಂದ ಪೆನ್ನು ತೆಗೆದು ಬರೆಯತೊಡಗಿದಳು. ಬರೆದು ಮುಗಿಸಿ, "ಇನ್ನೇನಾದ್ರೂ ಇದೆಯಾ ಅಮ್ಮ?" ಎಂದು ಕೇಳಿದಳು.

"ಇದೆ. ನಾಳೆಯಿಂದ ಮೊಮ್ಮಗಳನ್ನ ಶಾಲೆಗೆ ನಾನು ಕರ್ಕೊಂಡು ಹೋಗಲ್ಲ. ಅದನ್ನೂ ಬರ್ಕೊಳ್ಳಿ."

"ಅದು ಇದರಲ್ಲಿ ಬರೋದಿಲ್ಲಮ್ಮ. ಇದು ಕಾರಿನ ವಿಷಯ."

"ಗೊತ್ತು. ಆದ್ರೂ ಬರೀರಿ," ಎಂದಳು ಕಂಡಕ್ಟರಮ್ಮ. "ಬರೆದಿಟ್ರೆ ಮನೆ ಮುಟ್ಟೋಷ್ಟರಲ್ಲಿ ನಾನು ಮಾತು ಬದಲಾಯಿಸೋಕಾಗಲ್ಲ."

ಪೊಲೀಸಮ್ಮ ಅಲ್ಲಾಡುವ ಮೇಜನ್ನು ಒಂದು ಕೈಯಿಂದ ಒತ್ತಿ ಹಿಡಿದು ಆ ಸಾಲನ್ನೂ ಬರೆದಳು. ಹಾಳೆಯನ್ನು ಈಚೆಗೆ ತಿರುಗಿಸಿ ಪೆನ್ನು ಕೊಟ್ಟಳು.

ಕಂಡಕ್ಟರಮ್ಮ ಪೆನ್ನು ಹಿಡಿದುಕೊಂಡಳು, ಹಾಳೆಯ ಮೇಲೆ ಬಗ್ಗಿದಳು. ಆಮೇಲೆ ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ, "ರೀ, ಎಲ್ಲಿ ಸೈನ್ ಮಾಡ್ಬೇಕು ತೋರಿಸಿ," ಎಂದಳು. ಮೆಲ್ಲಣ್ಣ ಅವಳ ಕೈ ಹಿಡಿದು ಆ ಜಾಗದ ಮೇಲೆ ಇಟ್ಟ.